ತೆಂಗಿನ ಕರಟದ ಚರಿತ್ರೆ

ಬರಬೇಕಾದುದು ಬಾರದೆ ಬರಿಗೈಯಲ್ಲಿ ಉಳಿದವನನ್ನು ಕಂಡು ‘ಅವನ ಕೈಗೆ ಚಿಪ್ಪು ಬಂತು’ ಎನ್ನುವುದು ನಮ್ಮ ನಾಡಿನ ಮಾತು. ತೆಂಗಿನ ಮರವನ್ನು ಕಲ್ಪವೃಕ್ಷವೆಂದು ಕೊಂಡಾಡಿದ ಜನವೇ ಅದರ ಕಾಯಿಯ ಚಿಪ್ಪನ್ನು ಮಾತ್ರ ದಾರಿದ್ರ್ಯದ ಗುರುತಾಗಿ ಇಟ್ಟುಕೊಂಡಿದೆ. ಎಳನೀರಿಗೆ, ಕಾಯಿಗೆ, ಕೊಬ್ಬರಿಗೆ, ಎಣ್ಣೆಗೆ, ನಾರಿಗೆ, ಗರಿಗೆ, ಕಡೆಗೆ ಪೊರಕೆಯ ಕಡ್ಡಿಗೂ ಒಂದು ಬೆಲೆಯುಂಟು. ಚಿಪ್ಪಿಗೆ ಬಚ್ಚಲ ಒಲೆಯೇ ಗತಿ. ಹಳೆಯ ಮೈಸೂರಿನವರು ಕರಟವೆಂದೂ ಚಿಪ್ಪೆಂದೂ, ಕರಾವಳಿಯವರು ಗೆರಟೆಯೆಂದೂ ಕರೆಯುವ ಈ ವಸ್ತುವಿಗಾಗಿ ಒಂದು ಕಾಲದಲ್ಲಿ ಒಂದು ದೊಡ್ಡ ರಾಷ್ಟ್ರದ ಸೈನ್ಯವೇ ಕೈಯೊಡ್ಡಿ ನಿಂತಿತ್ತೆಂದರೆ ವಾಚಕರು ಸುಲಭವಾಗಿ ನಂಬಲಾರರು. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ಮೊದಲು ಸುಡುವ ವಿಚಾರ. ಕರಟವನ್ನು ಒಲೆಗೆ ಹಾಕಿದರೆ ಚೆನ್ನಾಗಿ ಉರಿದು ಬೂದಿಯಾಗುತ್ತದೆ. ಅದೇ ಕರಟವನ್ನು ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿ ಹೊರಗಿನಿಂದ ಕಾಯಿಸಿದರೆ ಅದು ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಮೊದಲು ನೀರಿನ ಆವಿ ಹೊರಡುತ್ತದೆ. ಶಾಖವು ಇನ್ನೂರೈವತ್ತು ಮುನ್ನೂರು ಡಿಗ್ರಿ ಸೆಂಟಿಗ್ರೇಡ್ ದಾಟಿದ ಮೇಲೆ ಕರಟದ ಮೈಯೇ ಒಡೆಯತೊಡಗಿ, ಹುಳಿವಾಸನೆಯ ದಟ್ಟವಾದ ಹೊಗೆ ಬರುತ್ತದೆ. ಆ ಹೊಗೆಯನ್ನು ತಣ್ಣಗೆ ಮಾಡಿದರೆ ಅಸೆಟಿಕ್ ಆಮ್ಲವೂ ಮೀಥೈಲ್ ಆಲ್ಕೊಹಾಲೂ ಸೇರಿದ ಕಂದುಬಣ್ಣದ ನೀರು ಒಂದು ಕಡೆ, ಕರಿಯ ಟಾರು ಇನ್ನೊಂದು ಕಡೆ ಇಳಿಯುತ್ತವೆ. ತಣಿಯದೆ ಉಳಿದುದು ಉರಿಯಬಲ್ಲ ಅನಿಲ. ಪಾತ್ರೆಯಲ್ಲಿ ನಿಂತದ್ದು ಇದ್ದಲು. ಹಾಕಿದ ಕರಟದ ತೂಕದಲ್ಲಿ ಮೂರರಲ್ಲೊಂದು ಪಾಲಿಗೆ ತುಸು ಕಡಿಮೆ. ಈ ಕ್ರಿಯೆಗೆ ಪೈರಾಲಿಸಿಸ್ ಎಂದು ಹೆಸರು. ಹೆಸರು ದೊಡ್ಡದಾದರೂ ಕೆಲಸ ಹಳೆಯದು. ನಮ್ಮ ಅಕ್ಕಸಾಲಿಗರ ಅಗ್ಗಿಷ್ಟಿಕೆಗೂ ಕಮ್ಮಾರರ ಕುಲುಮೆಗೂ ಇಸ್ತ್ರಿ ಪೆಟ್ಟಿಗೆಗೂ ಇದ್ದಲು ಬರುತ್ತಿದ್ದುದು ಇದೇ ವಿದ್ಯೆಯಿಂದ.

ಇದ್ದಲಿಗೆ ಉರಿಯುವುದಲ್ಲದೆ ಇನ್ನೊಂದು ಗುಣವಿದೆಯೆಂದು ಯೂರೋಪಿನ ಪಂಡಿತರು ಹದಿನೆಂಟನೆಯ ಶತಮಾನದಲ್ಲಿ ಕಂಡುಕೊಂಡರು. ಇದ್ದಲು ಅನಿಲಗಳನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆಂಬುದನ್ನು 1773ರಲ್ಲಿ ಸ್ವೀಡನ್ನಿನ ಶೀಲೆ ಗಮನಿಸಿದನು. ಬಣ್ಣವಿರುವ ದ್ರವವನ್ನು ಇದ್ದಲಿನ ಪುಡಿಯೊಡನೆ ಕಲಕಿದರೆ ಅದು ತಿಳಿಯಾಗುತ್ತದೆಂದು 1785ರಲ್ಲಿ ರಷ್ಯದಲ್ಲಿದ್ದ ಲೋವಿಟ್ಸ್ ತೋರಿಸಿದನು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ಸ್ಟೆನ್‌ಹೌಸ್ 1854ರಲ್ಲಿ ಮೂಗು ಬಾಯಿಗಳ ಮೇಲೆ ಕಟ್ಟಿಕೊಳ್ಳುವ ಇದ್ದಲಿನ ಮುಸುಕೊಂದನ್ನು ಮಾಡಿ, ದುರ್ವಾಸನೆಯ ಜಾಗಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗವೆಂದು ಸಾರಿದನು. ಅನಂತರ 1860ರ ದಶಕದಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಹಂಟರ್ ಎಂಬಾತ ನಾನಾ ಬಗೆಯ ಕಟ್ಟಿಗೆಗಳ ಇದ್ದಲನ್ನು ಒಂದೊಂದಾಗಿ ಪರೀಕ್ಷಿಸಿ, ಅನಿಲವನ್ನು ಹೀರುವುದರಲ್ಲಿ ತೆಂಗಿನ ಕರಟದ ಇದ್ದಲು ಇತರ ಇದ್ದಲುಗಳನ್ನು ಹಿಂದೆ ಹಾಕುತ್ತದೆಂದು ಕಂಡನು. ತೆಂಗು ಬೆಳೆಯದ ದೇಶದಲ್ಲಿ ಕುಳಿತ ಒಬ್ಬ ವಿದ್ವಾಂಸನಿಗೆ ಕರಟದ ಗುಣ ಹೊಳೆದದ್ದು ಒಂದು ವಿನೋದವೇ ಸರಿ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಲಂಡನ್ನಿನ ಸರ್ ಜೇಮ್ಸ್ ಡ್ಯೂಆರ್ ಕರಟದ ಇದ್ದಲನ್ನು ದ್ರವವಾಯುವಿನಲ್ಲಿ ತಣಿಸಿ, ಗಾಜಿನ ಪಾತ್ರೆಗಳೊಳಗೆ ಉಳಿದ ಗಾಳಿಯನ್ನು ಅದಕ್ಕೆ ಹೀರಿಸಿ, ಅದುವರೆಗೆ ಪಂಪಿನಿಂದ ಸಾಧ್ಯವಾಗದಿದ್ದಂಥ ನಿರ್ವಾತವನ್ನು ಸಾಧಿಸಿದನು.

ಈ ಗುಣಕ್ಕೆ ಕಾರಣ ಇದ್ದಲಿನ ಮೈಯ ರಂಧ್ರಗಳು. ಕರಟವು ಬಲು ಗಟ್ಟಿ. ಅದರ ಇದ್ದಲಿನಲ್ಲಿ ರಂಧ್ರಗಳು ಅತಿ ಸೂಕ್ಷ್ಮ, ಬೂದಿಯ ಅಂಶ ಅತಿ ಕಡಿಮೆ. ಆದರೆ ಸುಟ್ಟ ಕೂಡಲೆ ಈ ರಂಧ್ರಗಳೆಲ್ಲ ಟಾರಿನಿಂದ ಮುಚ್ಚಿಕೊಂಡಿರುತ್ತವೆ. ಅವನ್ನು ತೆರೆಯಲು ಇದ್ದಲನ್ನು ಮತ್ತೆ ಎಂಟುನೂರು ಒಂಬೈನೂರು ಡಿಗ್ರಿಗೆ ಕಾಯಿಸಿ ಅದರೊಳಗೆ ನೀರಿನ ಹಬೆಯನ್ನು ಹಾಯಿಸಬೇಕು. ಹಬೆಯು ಇಂಗಾಲವನ್ನು ಸ್ವಲ್ಪ ಸ್ವಲ್ಪವಾಗಿ ಕೊರೆದು ತಿಂದು, ರಂಧ್ರದೊಳಗೆ ರಂಧ್ರವನ್ನು ತೋಡುತ್ತದೆ. 1900ರ ಸುಮಾರಿಗೆ ರಾಫಾಯೆಲ್ ಫಾನ್ ಓಸ್ಟ್ರೆಯ್ಕೊ ಎಂಬವನು ಇಂಥ ವಿಧಾನಗಳಿಗೆ ಪೇಟೆಂಟು ಪಡೆದನು. ಸಕ್ಕರೆಯ ಪಾಕವನ್ನು ಬಿಳಿದು ಮಾಡಲು ಆಗ ಬಳಸುತ್ತಿದ್ದ ಎಲುಬಿನ ಇದ್ದಲಿಗೆ ಬದಲು ಒದಗಿಸುವುದು ಅಂದಿನ ಉದ್ದೇಶ. ಹೀಗೆ ಸಂಸ್ಕಾರಗೊಂಡ ಇದ್ದಲನ್ನು ಈಗ ಕ್ರಿಯಾಶೀಲ ಇಂಗಾಲವೆನ್ನುತ್ತಾರೆ. ಅದರ ಒಂದೇ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರು, ಎಂದರೆ ನಮ್ಮ ರೈತರ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು. ಚಿಟಿಕೆ ಇದ್ದಲಿನಲ್ಲಿ ಹತ್ತು ಗುಂಟೆ! ಹಾದುಹೋಗುವ ಅನಿಲದ ಅಣುಗಳು ಆ ಮೈಗೆ ಅಂಟಿಕೊಂಡು ನಿಲ್ಲುತ್ತವೆ. ಇಷ್ಟೆಲ್ಲ ತಿಳಿದಿದ್ದರೂ ಅದು ಪ್ರಯೋಗಶಾಲೆಯ ಮತ್ತು ಸಕ್ಕರೆಯವರ ವಿಷಯವಾಗಿತ್ತೇ ಹೊರತು ಜೀವನ್ಮರಣದ ವಿಷಯವಾಗಿರಲಿಲ್ಲ.

ಆದದ್ದು 1915ರಲ್ಲಿ. ಆ ವರ್ಷ ಏಪ್ರಿಲ್ 22ರ ಸಂಜೆ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನರು ಸಾವಿರಾರು ಲೋಹದ ಕೊಳವೆಗಳ ಬಾಯಿ ತೆರೆದು ನೂರೈವತ್ತು ಟನ್ನಿಗೂ ಮೀರಿದ ಕ್ಲೋರೀನನ್ನು ಗಾಳಿಗೆ ಬಿಟ್ಟರು. ಹಸಿರು ಹಳದಿಯ ಮೋಡವೊಂದು ನೆಲವನ್ನು ಸವರಿಕೊಂಡು ಫ್ರೆಂಚರ ಮತ್ತು ಅವರ ಕಡೆಯ ಆಲ್ಜೀರಿಯ ಸಿಪಾಯಿಗಳ ಕಂದಕಗಳ ಮೇಲೆ ಇಳಿಯಿತು. ಗಾಳಿಗಿಂತ ಭಾರವಾದ ಅನಿಲವಾದುದರಿಂದ ಅದು ತಗ್ಗಿಗೇ ಹರಿಯುತ್ತದೆ. ಗುಂಡಿಗೆ ಹೆದರಿ ಕಂದಕದಲ್ಲಿ ಅಡಗಿದವನೇ ಮೊದಲು ಸತ್ತನು. ಈ ಕಾರ್ಯದ ಮೇಲ್ವಿಚಾರಕ ಫ್ರಿಟ್ಸ್ ಹಾಬರ್. ಗಾಳಿಯ ಸಾರಜನಕದಿಂದ ಅಮೋನಿಯ ಮಾಡುವ ದಾರಿ ತೋರಿಸಿ ರಾಸಾಯನಿಕ ಗೊಬ್ಬರಕ್ಕೆ ಮೂಲಪುರುಷನಾದವನೂ ಅವನೇ. ಒಂದೇ ಕೈ ಅನ್ನವನ್ನೂ ವಿಷವನ್ನೂ ಬಡಿಸಿತು.

ಈ ಕಥೆಯಲ್ಲಿ ಭಾರತದವರ ಪಾಲನ್ನು ಹೇಳುವವರು ಕಡಿಮೆ. ಮೈಸೂರು ಲಾನ್ಸರರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆರೆದ ಶೌರ್ಯ ಕನ್ನಡಿಗರಿಗೆ ಗೊತ್ತು. ದಿಲ್ಲಿಯಲ್ಲಿ ಅವರ ನೆನಪಿಗೆ ಜೋಧಪುರ, ಹೈದರಾಬಾದುಗಳ ಲಾನ್ಸರರೊಡನೆ ಮೂರು ಪ್ರತಿಮೆಗಳು ನಿಂತಿವೆ. ಅದು ಕುದುರೆಯ ಮೇಲಿನ ಯುದ್ಧ. ಈಪ್ರ್‌ನಲ್ಲಿ ನಡೆದದ್ದು ಬೇರೆ. ಮೊದಲ ವಿಷಪ್ರಯೋಗವಾದ ನಾಲ್ಕನೆಯ ದಿನ, ಏಪ್ರಿಲ್ 26ರಂದು, ಲಾಹೋರ್ ಡಿವಿಜನ್ನಿನ ಭಾರತೀಯ ಸಿಪಾಯಿಗಳನ್ನು ಅಲ್ಲಿಗೇ ಕರೆತಂದು ಎದುರುದಾಳಿಗೆ ಹೂಡಿದರು. ಜರ್ಮನರು ಮತ್ತೆ ಕ್ಲೋರೀನನ್ನು ಬಿಟ್ಟರು. ಸಿಪಾಯಿಗಳ ಬಳಿ ಇದ್ದುದು ಬಟ್ಟೆಯ ತುಂಡು; ಒದ್ದೆ ಮಾಡಿ ಮೂಗಿಗೆ ಒತ್ತಿಕೊಳ್ಳಿ, ನೀರಿಲ್ಲದಿದ್ದರೆ ಮೂತ್ರದಲ್ಲಾದರೂ ನೆನೆಸಿ ಎಂಬುದೇ ಅಂದಿನ ಉಪದೇಶ. ಆ ದಿನ ಮೀರ್ ದಸ್ತ್ ಎಂಬ ಜಮಾದಾರ, ಮೇಲಿನ ಅಧಿಕಾರಿಗಳೆಲ್ಲ ಬಿದ್ದ ಮೇಲೆ ತಾನೇ ತುಕಡಿಯನ್ನು ನಡೆಸಿ, ಗಾಯಗೊಂಡ ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಗುಂಡಿನ ಮಳೆಯಲ್ಲಿ ಹೊತ್ತುತಂದನು. ವಿಕ್ಟೋರಿಯ ಕ್ರಾಸ್ ಪದಕ ಅವನಿಗೆ ದೊರೆಯಿತು. ಪದಕದೊಡನೆ ವಿಷವಾಯುವಿನ ಬಾಧೆಯೂ ಅವನ ಪಾಲಿಗೆ ಬಂತು.

ಕ್ಲೋರೀನಿಗೆ ಸೋಡದ ನೀರಿನಲ್ಲಿಯೂ, ಫೋಟೋ ತೊಳೆಯುವ ಹೈಪೋದಲ್ಲಿಯೂ ನೆನೆಸಿದ ಮುಸುಕುಗಳು ಬೇಗನೆ ಬಂದವು. ಅದೇ ವರ್ಷ ಡಿಸೆಂಬರ್ 19ರಂದು ಬ್ರಿಟಿಷರ ಮೇಲೆ ಫಾಸ್ಜೀನ್ ಪ್ರಯೋಗವಾಯಿತು. ಅದಕ್ಕೆ ಬಣ್ಣವಿಲ್ಲ, ಮುಗ್ಗಲು ಹುಲ್ಲಿನ ವಾಸನೆ. ಉಸಿರಾಡಿದವನು ಕೆಲವು ಗಂಟೆ ಆರೋಗ್ಯವಾಗಿಯೇ ಓಡಾಡಿಕೊಂಡಿದ್ದು ಅನಂತರ ಸಾಯುತ್ತಾನೆ. ಆಮೇಲೆ ಕ್ಲೋರೋಪಿಕ್ರಿನ್ ಎಂಬ ಇನ್ನೊಂದು ಬಂತು. ಕ್ಷಾರದಲ್ಲಿ ನೆನೆಸಿದ ಬಟ್ಟೆ ಇದನ್ನು ತಡೆಯಲಾರದು. ಒಂದೊಂದು ವಿಷಕ್ಕೆ ಒಂದೊಂದು ಮದ್ದು ಹುಡುಕುತ್ತ ಹೋದರೆ ಶತ್ರುವೇ ಯಾವಾಗಲೂ ಒಂದು ಹೆಜ್ಜೆ ಮುಂದೆ. ಯಾವ ವಿಷವೇ ಆಗಲಿ, ಅದರ ಹೆಸರು ಕೇಳದೆ ಹಿಡಿದಿಡಬಲ್ಲ ಪದಾರ್ಥವೊಂದು ಬೇಕಾಗಿತ್ತು. ಆಗ ಎಲ್ಲರೂ ಇದ್ದಲಿನ ಕಡೆಗೆ ತಿರುಗಿದರು. ರಷ್ಯದಲ್ಲಿ ನಿಕೊಲಾಯ್ ಝೆಲಿನ್‌ಸ್ಕಿ 1915ರಲ್ಲೇ ಬರ್ಚ್ ಮರದ ಇದ್ದಲನ್ನು ಕ್ರಿಯಾಶೀಲಗೊಳಿಸಿ ಮುಸುಕಿಗೆ ತುಂಬುವ ವಿಧಾನ ಕಂಡುಹಿಡಿದನು. ಕುಮ್ಮಾಂತ್ ಎಂಬವನ ರಬ್ಬರಿನ ಮುಖವಾಡದೊಡನೆ ಸೇರಿ ಅದು ರಷ್ಯದ ಸೈನ್ಯಕ್ಕೆ ಹೋಯಿತು. ಬ್ರಿಟಿಷರು 1916ರಲ್ಲಿ ಇದ್ದಲನ್ನೂ ಕ್ಷಾರದ ಹರಳುಗಳನ್ನೂ ಸಣ್ಣ ಡಬ್ಬಿಯಲ್ಲಿ ತುಂಬಿ, ಕೊಳವೆಯಿಂದ ಮುಖವಾಡಕ್ಕೆ ಜೋಡಿಸಿದರು. ಸಿಪಾಯಿ ಒಳಗೆಳೆಯುವ ಪ್ರತಿಯೊಂದು ಉಸಿರೂ ಆ ಡಬ್ಬಿಯ ಮೂಲಕವೇ ಬರಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನವು 1917ರ ಏಪ್ರಿಲಿನಲ್ಲಿ ಯುದ್ಧಕ್ಕಿಳಿಯಿತು. ಇಳಿದಾಗ ಅವರ ಬಳಿ ಮುಸುಕುಗಳೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಇಪ್ಪತ್ತು ಸಾವಿರದಷ್ಟನ್ನು ಅವಸರದಿಂದ ಮಾಡಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಪರೀಕ್ಷಿಸಿದವರು ಇವು ರಣರಂಗಕ್ಕೆ ಯೋಗ್ಯವಲ್ಲವೆಂದು ಬಿಟ್ಟರು. ಇದ್ದಲು ಸಾಲದೆ ಹೋಗಿತ್ತು. ಆಗ ಅವರ ರಸಾಯನಶಾಸ್ತ್ರಜ್ಞರು ಕೈಗೆ ಸಿಕ್ಕಿದ ಮರವನ್ನೂ ಬೀಜವನ್ನೂ ಓಟೆಯನ್ನೂ ಸುಟ್ಟು ನೋಡತೊಡಗಿದರು. ಹಂಟರ್ ಐವತ್ತು ವರ್ಷದ ಹಿಂದೆ ಹೇಳಿದ್ದೇ ಮತ್ತೆ ಸಿದ್ಧವಾಯಿತು: ಎಲ್ಲದರಲ್ಲೂ ತೆಂಗಿನ ಕರಟವೇ ಮೇಲು. ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುದ್ದೀಪದ ಕಾರ್ಖಾನೆಗೆ ಸೇರಿದ ಡಾರ್ಸಿ ಎಂಬ ತಜ್ಞನು ಕರಟದ ಇದ್ದಲಿಗೆ ಹಬೆ ಹಾಯಿಸುವ ಕುಲುಮೆಯೊಂದನ್ನು ರಚಿಸಿದನು. ನ್ಯೂಯಾರ್ಕಿನ ಬಳಿ ಆಸ್ಟೋರಿಯದ ಅನಿಲ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸುಡುವ ಕೆಲಸ ಪ್ರಾರಂಭವಾಯಿತು. ಹತ್ತಿರದ ಲಾಂಗ್ ಐಲೆಂಡ್ ಸಿಟಿಯಲ್ಲಿ ಮುಸುಕು ಜೋಡಿಸುವ ಸರಕಾರದ ಕಾರ್ಖಾನೆ ನಿಂತಿತು. ಅಲ್ಲಿ ದುಡಿದ ಹನ್ನೆರಡು ಸಾವಿರದಷ್ಟು ಜನರಲ್ಲಿ ಬಹುಪಾಲು ಹೆಂಗಸರು. ಮಗನೋ ಗಂಡನೋ ತಮ್ಮನೋ ರಣರಂಗದಲ್ಲಿರುವವರನ್ನು ಆ ಕೆಲಸಕ್ಕೆ ಮೊದಲು ತೆಗೆದುಕೊಳ್ಳುತ್ತಿದ್ದರಂತೆ. ಒಂದು ಹೊಲಿಗೆ ತಪ್ಪಿದರೂ ಯಾರ ಉಸಿರು ಹೋಗುತ್ತದೆಂಬುದು ಅವರಿಗೆ ಗೊತ್ತಿರುತ್ತದೆ. ಇದಕ್ಕಿಂತ ಒಳ್ಳೆಯ ತನಿಖಾಧಿಕಾರಿ ಬೇರೆ ಬೇಕೆ?

ಕುಲುಮೆಯಾಯಿತು, ಕಾರ್ಖಾನೆಯಾಯಿತು, ಕರಟವೆಲ್ಲಿ? ಅಮೆರಿಕದವರ ಮನೆಗಳಲ್ಲಿ ತೆಂಗಿನಕಾಯಿ ಎಂದರೆ ಹಬ್ಬದ ಮಿಠಾಯಿಗೆ ತುರಿದು ಹಾಕುವ ವಸ್ತು. ‘ತೆಂಗಿನಕಾಯಿಯನ್ನು ಹೆಚ್ಚು ತಿನ್ನಿರಿ’ ಎಂದು ಸರಕಾರದವರೇ ಪ್ರಚಾರಕ್ಕೆ ಹೊರಟರು. ಮಿಠಾಯಿಯವರಿಗೂ ಬೇಕರಿಯವರಿಗೂ ಬೋಧನೆಯಾಯಿತು. ಕಾಯಿ ತಿಂದವನು ದೇಶಭಕ್ತ, ಏಕೆಂದರೆ ಅವನು ಕರಟ ಬಿಟ್ಟ! ಬೆಳಗಾದರೆ ಕಾಯಿ ತುರಿಯುವ ನಮ್ಮ ಮಂಗಳೂರಿನ, ತುಮಕೂರಿನ ಗೃಹಿಣಿಯರಿಗೆ ಇಂಥ ಉಪದೇಶದ ಅಗತ್ಯ ಬೀಳುತ್ತಿರಲಿಲ್ಲ. ಫಿಲಿಪ್ಪೀನ್ಸಿನಿಂದಲೂ ತರಿಸಿದರು, ಹಡಗಿನಲ್ಲಿ ಜಾಗ ಉಳಿಸಲು ಕರಟವನ್ನು ಅಲ್ಲಿಯೇ ಸುಟ್ಟು ಇದ್ದಲು ಮಾಡಿ ಕಳುಹಿಸುವ ಏರ್ಪಾಡಾಯಿತು. ಮಧ್ಯ ಅಮೆರಿಕದ ಕಾಡುಗಳಿಂದ ಕೊಹೂನ್ ಎಂಬ ತಾಳೆಯ ಜಾತಿಯ ಕಾಯಿಗಳನ್ನು ಆರಿಸಿ ತಂದರು. ಇಷ್ಟಾದರೂ ಸಾಲದು.

ಕೊನೆಗೆ 1918ರ ಬೇಸಗೆಯಲ್ಲಿ ಹಣ್ಣಿನ ಓಟೆಗಳ ಸರದಿ ಬಂತು. ಪೀಚ್, ಆಪ್ರಿಕಾಟ್, ಪ್ಲಮ್, ಚೆರಿ ಹಣ್ಣುಗಳ ಓಟೆ, ಖರ್ಜೂರದ ಬೀಜ, ಆಲಿವ್ ಬೀಜ, ಅಕ್ರೋಟಿನ ಚಿಪ್ಪು, ಎಲ್ಲವನ್ನೂ ತೊಳೆದು ಒಣಗಿಸಿ ತಂದುಕೊಡಿರೆಂದು ರೆಡ್‌ಕ್ರಾಸ್ ಸಂಸ್ಥೆ ದೇಶಕ್ಕೆ ದೇಶವನ್ನೇ ಕೇಳಿಕೊಂಡಿತು. ಅಂಗಡಿಗಳ ಮುಂದೆ, ಶಾಲೆಗಳ ಬಾಗಿಲಲ್ಲಿ ಪೀಪಾಯಿಗಳನ್ನಿಟ್ಟರು. ಇನ್ನೂರು ಪೀಚ್ ಓಟೆಗಳಿಂದ, ಅಥವಾ ಏಳು ಪೌಂಡ್ ಬೀಜದ ಚಿಪ್ಪಿನಿಂದ, ಒಬ್ಬ ಸಿಪಾಯಿಯ ಒಂದು ಮುಸುಕಿಗೆ ಸಾಕಾಗುವಷ್ಟು ಇದ್ದಲು ಎಂಬ ಲೆಕ್ಕವನ್ನು ಭಿತ್ತಿಪತ್ರಗಳಲ್ಲಿ ಬರೆದು ಅಂಟಿಸಿದರು. ಶಾಲೆಯ ಮಕ್ಕಳು ಮನೆಮನೆಗೂ ಹೋಗಿ ಓಟೆ ಬೇಡಿ ತಂದರು. ಹಿಂದಿನ ವರ್ಷವೇ ಇಂಗ್ಲೆಂಡಿನ ಮಕ್ಕಳು ಇದೇ ರೀತಿ ಹಾರ್ಸ್ ಚೆಸ್ಟ್‌ನಟ್ ಕಾಯಿಗಳನ್ನು ಆರಿಸಿ ಕೊಟ್ಟಿದ್ದರು. ಅವು ಮದ್ದುಗುಂಡಿಗೆ ಬೇಕಾದ ಅಸಿಟೋನ್ ತೆಗೆಯುವುದಕ್ಕೆ. ಒಂದು ದೇಶದ ಮಕ್ಕಳು ಕೊಲ್ಲುವ ಸಾಮಗ್ರಿಗೆ, ಇನ್ನೊಂದು ದೇಶದ ಮಕ್ಕಳು ಕಾಯುವ ಸಾಮಗ್ರಿಗೆ ಕೈ ಹಾಕಿದರು. ಇಬ್ಬರಿಗೂ ಅದು ಆಟವೇ.

ಲೆಕ್ಕ ಬರೆಯುವುದೇ ಕಸುಬಾದ ನಮಗೆ ಇಲ್ಲಿ ಸುಮ್ಮನಿರಲಾಗದು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕ ಐವತ್ತು ಲಕ್ಷಕ್ಕೂ ಹೆಚ್ಚು ಮುಸುಕುಗಳನ್ನು ತಯಾರಿಸಿತ್ತು. ಒಂದಕ್ಕೆ ಏಳು ಪೌಂಡ್ ಚಿಪ್ಪೆಂದರೆ ಮೂರೂವರೆ ಕೋಟಿ ಪೌಂಡ್, ಎಂದರೆ ಹದಿನೈದು ಸಾವಿರ ಟನ್ನಿಗೂ ಮೀರಿ ಚಿಪ್ಪು ಬೇಕು. ಒಂದು ಕರಟ ನೂರು ನೂರಿಪ್ಪತ್ತೈದು ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, ಒಬ್ಬ ಸಿಪಾಯಿಯ ಉಸಿರಿಗೆ ಇಪ್ಪತ್ತೈದರಿಂದ ಮೂವತ್ತು ತೆಂಗಿನಕಾಯಿ. ಇದು ಮೇಲುಲೆಕ್ಕ, ಎಲ್ಲ ಮುಸುಕುಗಳಲ್ಲಿ ಒಂದೇ ಬಗೆಯ ಇದ್ದಲು ಇರಲಿಲ್ಲ. ಆದರೂ ಅಳತೆಯ ಅಂದಾಜು ಸಿಗುತ್ತದೆ.

ಇದ್ದಲು ಎಲ್ಲರನ್ನೂ ಉಳಿಸಿತೆಂದು ಹೇಳಲಾಗದು. 1917ರ ಜುಲೈಯಲ್ಲಿ ಬಂದ ಸಾಸಿವೆ ಅನಿಲ ಮೂಗನ್ನು ಬಿಟ್ಟು ಚರ್ಮವನ್ನೇ ಸುಟ್ಟಿತು. ಅದಕ್ಕೆ ಮುಖದ ಮುಸುಕು ಅರ್ಧ ರಕ್ಷೆ ಮಾತ್ರ. ವಿಷವಾಯುವಿನಿಂದ ಆ ಯುದ್ಧದಲ್ಲಿ ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಬಾಧೆಪಟ್ಟವರು ಹತ್ತು ಲಕ್ಷಕ್ಕೂ ಮೇಲು. ಒಳ್ಳೆಯ ಮುಸುಕು ಬಂದ ಮೇಲೆ ಕ್ಲೋರೀನ್ ಫಾಸ್ಜೀನುಗಳ ಮೋಡಕ್ಕೆ ಮೊದಲಿನ ಭೀಕರತೆ ಉಳಿಯಲಿಲ್ಲವೆಂಬುದೂ ನಿಜ. 1925ರ ಜಿನೀವ ಒಪ್ಪಂದ ಯುದ್ಧದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಗಾಳಿಯಿಲ್ಲದೆ ಸುಟ್ಟು ಹೊಗೆಯನ್ನೂ ಹಿಡಿಯುವ ವಿದ್ಯೆ ಕನ್ನಡನಾಡಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕರಟದಿಂದಲ್ಲ, ಕಟ್ಟಿಗೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಭದ್ರಾವತಿಯಲ್ಲಿ ಎದ್ದ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಪ್ರಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು ಹತ್ತಿರದಲ್ಲಿದ್ದವು. ಕಲ್ಲಿದ್ದಲು ಮಾತ್ರ ಮೈಸೂರು ಸೀಮೆಯಲ್ಲಿ ಇರಲಿಲ್ಲ. ಆದುದರಿಂದ ಮಲೆನಾಡಿನ ಕಾಡಿನ ಕಟ್ಟಿಗೆಯನ್ನೇ ಇದ್ದಲು ಮಾಡಿ ಊದುಕುಲುಮೆಗೆ ಹಾಕುವ ಯೋಜನೆಯಾಯಿತು. ಅಷ್ಟು ಇದ್ದಲು ಮಾಡುವಾಗ ಬರುವ ಹೊಗೆಯನ್ನು ಏಕೆ ಬಿಡಬೇಕು? ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆಯನ್ನು ಬಟ್ಟಿಯಿಳಿಸಿ ಅಸಿಟೇಟ್ ಆಫ್ ಲೈಮ್, ಮೀಥೈಲ್ ಆಲ್ಕೊಹಾಲು, ಟಾರುಗಳನ್ನು ತೆಗೆಯುವ ಕಾರ್ಖಾನೆಯನ್ನೂ ಪಕ್ಕದಲ್ಲಿ ಕಟ್ಟಿದರು. ಒಂದು ಕಟ್ಟಿಗೆಯಿಂದ ಕಬ್ಬಿಣವೂ ರಸಾಯನವೂ ಎಂಬ ಈ ಲೆಕ್ಕ ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಅದೇ 1923ರಲ್ಲಿ ಜರ್ಮನಿಯ ಲಾಯ್ನ ಎಂಬಲ್ಲಿ ಅನಿಲಗಳಿಂದಲೇ ನೇರವಾಗಿ ಮೀಥೈಲ್ ಆಲ್ಕೊಹಾಲನ್ನು ತಯಾರಿಸುವ ಕಾರ್ಖಾನೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಕಟ್ಟಿಗೆಯಿಂದ ತೆಗೆದ ಆಲ್ಕೊಹಾಲಿನ ಬೆಲೆ ಜಗತ್ತಿನ ಎಲ್ಲ ಪೇಟೆಗಳಲ್ಲೂ ಕುಸಿಯಿತು. ನೂರಾರು ವರ್ಷ ನಡೆದ ಒಂದು ಕಸುಬಿನ ಕೊನೆಯಂಕದಲ್ಲಿ ನಮ್ಮವರು ರಂಗಕ್ಕೆ ಬಂದಂತಾಯಿತು. ಇದಕ್ಕಾಗಿ ಯೋಜಿಸಿದವರನ್ನು ದೂರುವವರ ಜೊತೆಗೆ ನಾವು ಸೇರುವುದಿಲ್ಲ. ಲಾಯ್ನದಲ್ಲಿ ಏನು ನಡೆಯುತ್ತಿದೆಯೆಂದು ಭದ್ರಾವತಿಯಲ್ಲಿ ಯಾರಿಗೆ ತಿಳಿದಿತ್ತು?

ಹಾಗಾದರೆ ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ತೆಂಗು ತುಂಬಿರುವಾಗ ಕರಟವನ್ನು ಇದೇ ರೀತಿ ಏಕೆ ಬಟ್ಟಿಯಿಳಿಸಲಿಲ್ಲ? ಕಾರಣ ಸರಳ. ಕಾಡಿನ ಕಟ್ಟಿಗೆ ಒಂದೆಡೆ ಸಿಗುತ್ತದೆ. ಕರಟ ಮನೆಗೆ ನಾಲ್ಕರಂತೆ ಊರೂರಲ್ಲಿ ಚದರಿರುತ್ತದೆ. ಹಗುರವಾದ ಪೊಳ್ಳು ವಸ್ತು, ಗಾಡಿ ತುಂಬುತ್ತದೆ, ತೂಕ ಬರುವುದಿಲ್ಲ. ಕರಟ ರಾಶಿಯಾಗಿ ಬೀಳುವುದು ಕೊಬ್ಬರಿಯ ಪೇಟೆಯಿರುವಲ್ಲಿ ಮಾತ್ರ. ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಅಂಥದು. ಅಲ್ಲಿಯ ರೈತರು ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂಡಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಗಡಗಡ ಸದ್ದು ಮಾಡಿದಾಗ ಸುಲಿದು, ಉಂಡೆ ಒಡೆಯದಂತೆ ಚಿಪ್ಪನ್ನು ಮಾತ್ರ ಜಾಣತನದಿಂದ ಒಡೆಯುತ್ತಾರೆ. ಇಷ್ಟು ಕಾಲ ನೆರಳಿನಲ್ಲಿ ಒಣಗಿದ ಚಿಪ್ಪು ಇದ್ದಲಿಗೆ ಬಹಳ ಶ್ರೇಷ್ಠ, ತೇವವಿಲ್ಲ, ಮಣ್ಣಿಲ್ಲ.

ಯುದ್ಧಗಳು ಮುಗಿದ ಮೇಲೆ ಕರಟದ ಇದ್ದಲಿಗೆ ಬೇಡಿಕೆ ಬಿದ್ದುಹೋಗಬೇಕಾಗಿತ್ತು, ಹಾಗಾಗಲಿಲ್ಲ. ಅದನ್ನು ಮತ್ತೆ ಮೇಲೆತ್ತಿದ್ದು ಚಿನ್ನ. ಚಿನ್ನದ ಅದಿರನ್ನು ಪುಡಿಮಾಡಿ ಸಯನೈಡ್ ದ್ರಾವಣದಲ್ಲಿ ಕರಗಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದ ಕ್ರಮ. ಕರಗಿದ ಚಿನ್ನವನ್ನು ಮರಳಿ ಪಡೆಯಲು ಜಗತ್ತಿನ ಹೆಚ್ಚಿನ ಗಣಿಗಳಲ್ಲಿ ಕೆಸರನ್ನು ಸೋಸಿ, ತಿಳಿಯಾದ ದ್ರಾವಣಕ್ಕೆ ಸತುವನ್ನು ಹಾಕುತ್ತಿದ್ದರು. ಸೋಸುವುದೇ ದೊಡ್ಡ ಖರ್ಚು. 1973ರಲ್ಲಿ ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಗಣಿಯಲ್ಲಿ ಸೋಸದ ಕೆಸರಿಗೇ ಇದ್ದಲಿನ ಹರಳುಗಳನ್ನು ಹಾಕಿ ಕಲಕುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ತಂದರು. ಚಿನ್ನ ಇದ್ದಲಿಗೆ ಅಂಟುತ್ತದೆ. ಇದ್ದಲನ್ನು ಜರಡಿಯಿಂದ ಎತ್ತಿ ಚಿನ್ನವನ್ನು ತೊಳೆದುಕೊಂಡು, ಇದ್ದಲನ್ನು ಮತ್ತೆ ಬಳಸಬಹುದು. ಕೆಸರಿನ ತಿಕ್ಕಾಟದಲ್ಲಿ ಕಟ್ಟಿಗೆಯ ಇದ್ದಲು ಪುಡಿಯಾಗಿ, ಪುಡಿಯೊಡನೆ ಚಿನ್ನವೂ ಹರಿದುಹೋಗುತ್ತದೆ. ಕರಟದ ಇದ್ದಲು ಗಟ್ಟಿ, ಸವೆಯದು. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ಗಣಿಗಳು 1980ರ ದಶಕದಲ್ಲಿ ಇದನ್ನೇ ಹಿಡಿದವು. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ನಿಂತಿತು. ಅದರ ಹೊಟ್ಟೆಯಲ್ಲಿ ಇನ್ನೇನಿದೆಯೋ, ಆ ವಾದ ಇಲ್ಲಿ ಬೇಡ. ಇಂದು ಪಟ್ಟಣದ ಮನೆಗಳಲ್ಲಿ ಕುಡಿಯುವ ನೀರನ್ನು ಶುದ್ಧಿ ಮಾಡುವ ಯಂತ್ರದೊಳಗೂ, ಅಣುಸ್ಥಾವರಗಳಲ್ಲಿ ವಿಕಿರಣ ಅಯೋಡೀನನ್ನು ಹಿಡಿಯುವ ಸೋಸುಪೆಟ್ಟಿಗೆಗಳಲ್ಲೂ ಇದೇ ಕರಟದ ಇದ್ದಲು ಕುಳಿತಿದೆ. ಅಂಗಡಿಯಲ್ಲಿ ಸಾವಿರಗಟ್ಟಲೆ ರೂಪಾಯಿ ಕೊಟ್ಟು ಯಂತ್ರ ತರುವ ನಾವು ಅದರೊಳಗಿನ ಕರಿಯ ಪುಡಿ ಯಾವ ತೋಟದ್ದೆಂದು ಕೇಳುವುದುಂಟೆ?

ಕೇಳಬೇಕಾದ ಪ್ರಶ್ನೆ ಅದೇ. ಸುಮಾರು ಮೂವತ್ತು ಸಾವಿರ ಕಾಯಿಗಳ ಕರಟ ಸುಟ್ಟರೆ ಒಂದು ಟನ್ ಇದ್ದಲು. ಮೂರು ಟನ್ ಇದ್ದಲಿನಿಂದ ಒಂದು ಟನ್ ಕ್ರಿಯಾಶೀಲ ಇಂಗಾಲ. ಎಂದರೆ ಈ ಕೊನೆಯ ಪದಾರ್ಥದ ಒಂದೊಂದು ಟನ್ನಿನ ಹಿಂದೆಯೂ ತೊಂಬತ್ತು ಸಾವಿರ ಕಾಯಿಗಳಿವೆ. ಲಾಭದ ಹೆಚ್ಚಿನ ಪಾಲು ಹಬೆಯ ಕುಲುಮೆಯವನಿಗೆ. ಕೆಳಗಿನ ಮೆಟ್ಟಿಲಲ್ಲಿ ನಿಂತ ಇದ್ದಲು ಸುಡುವವನಿಗೆ ಕೂಲಿ, ಮತ್ತು ಹೊಗೆ.

ಈ ಹೊಗೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಇಂದಿಗೂ ಅನೇಕ ಕಡೆ ಕರಟವನ್ನು ಸುಡುವುದು ನೆಲದಲ್ಲಿ ತೋಡಿದ ಗುಂಡಿಯಲ್ಲಿ. ತಳದಲ್ಲಿ ಸ್ವಲ್ಪ ಕರಟಕ್ಕೆ ಬೆಂಕಿಯಿಟ್ಟು, ಅದು ಹೊತ್ತಿಕೊಂಡಂತೆ ಮೇಲೆ ಮೇಲೆ ಸುರಿಯುತ್ತ ಹೋಗಿ, ಗುಂಡಿ ತುಂಬಿದ ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತಿ ಬಿಡುತ್ತಾರೆ. ಖರ್ಚಿಲ್ಲದ ಉಪಾಯ. ಆದರೆ ಒಂದಷ್ಟು ಕರಟ ಬೂದಿಯಾಗಿಯೇ ಹೋಗುತ್ತದೆ. ಬಿಳಿಯ ಹುಳಿಹೊಗೆ ದಿನಗಟ್ಟಲೆ ಊರನ್ನು ಮುತ್ತುತ್ತದೆ. ಭದ್ರಾವತಿಯಲ್ಲಿ ಹಣವಾಗಲೆಂದು ಹಿಡಿದದ್ದು ಇದೇ ಜಾತಿಯ ಹೊಗೆಯನ್ನು. ಬೆಂಕಿ ಆರಿಸಲು ಸುರಿದ ನೀರು ಟಾರಿನೊಡನೆ ಬೆರೆತು ನೆಲಕ್ಕಿಳಿಯುತ್ತದೆ. ತಮಿಳುನಾಡಿನ ಕಾಂಗೇಯಂ ಸುತ್ತಿನ ಊರುಗಳಲ್ಲಿ ಬಾವಿಯ ನೀರು ಬಣ್ಣಗೆಟ್ಟು ವಾಸನೆ ಹಿಡಿದುದಕ್ಕೆ ರೈತರು ಈ ಗುಂಡಿಗಳ ಮೇಲೆ ದೂರು ಹೊತ್ತು ಹೋದದ್ದು ಈಚಿನ ವರ್ಷಗಳ ಸುದ್ದಿ. ಯಾವ ಪದಾರ್ಥ ಪಟ್ಟಣದವನ ಕುಡಿಯುವ ನೀರನ್ನು ತಿಳಿಯಾಗಿಸುವುದೋ ಅದನ್ನು ಮಾಡುವಲ್ಲಿ ಹಳ್ಳಿಯವನ ಬಾವಿ ಕೆಡುವುದು ಎಂಥ ವ್ಯಾಪಾರ! ಸುಡುವವರನ್ನು ಬೈದು ಫಲವಿಲ್ಲ. ಅವರ ಮಕ್ಕಳೂ ಅದೇ ನೀರು ಕುಡಿಯುವವರು.

ಪರಿಹಾರ ಹೊಸದಾಗಿ ಹುಟ್ಟಬೇಕಾಗಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಸುಟ್ಟು, ಹೊರಟ ಅನಿಲವನ್ನು ಕೆಳಗಿನ ಒಲೆಗೇ ತಿರುಗಿಸಿದರೆ ಅದೇ ಉರಿದು ಮುಂದಿನ ಕರಟವನ್ನು ಬೇಯಿಸುತ್ತದೆ. ಒಮ್ಮೆ ಹೊತ್ತಿಸಿದ ಮೇಲೆ ಬೇರೆ ಸೌದೆ ಹೆಚ್ಚು ಬೇಡ, ಹೊಗೆಯೂ ಉಳಿಯುವುದಿಲ್ಲ. ಶ್ರೀಲಂಕೆಯ ಬಡಲ್ಗಮ ಎಂಬಲ್ಲಿ ಕರಟ ಸುಡುವಾಗ ಬರುವ ಹೊಗೆಯನ್ನು ಉರಿಸಿ ಆ ಶಾಖದಿಂದ ವಿದ್ಯುತ್ತನ್ನು ತೆಗೆಯುವ ಕಾರ್ಖಾನೆಯೇ ಇದೆ. ಅಷ್ಟು ದೊಡ್ಡದು ಎಲ್ಲ ಕಡೆಗೂ ಬೇಕಿಲ್ಲ. ಕಬ್ಬಿಣದ ಪೀಪಾಯಿಯೊಂದಕ್ಕೆ ಬಿಗಿಯಾದ ಮುಚ್ಚಳವೂ ಕೊಳವೆಯೂ ಇದ್ದರೆ ಸಣ್ಣ ಕೆಲಸ ಪ್ರಾರಂಭವಾಗುತ್ತದೆ. 1981ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ತೆಂಗು ಅಭಿವೃದ್ಧಿ ಮಂಡಳಿಯ ಕಚೇರಿ ಬೆಂಗಳೂರಿನಲ್ಲೂ ಇದೆ. ಒಬ್ಬ ರೈತನಿಂದ ಆಗದುದು ಹತ್ತು ಮಂದಿ ಸೇರಿದ ಸಹಕಾರ ಸಂಘದಿಂದ ಆಗುತ್ತದೆಂಬುದು ನಮ್ಮ ಅಭಿಪ್ರಾಯ. ಸಾಲದ ಅರ್ಜಿಗಳನ್ನು ನೋಡಿದ ಕಣ್ಣಿಗೆ ಇದಕ್ಕಿಂತ ದುರ್ಬಲವಾದ ಎಷ್ಟೋ ಯೋಜನೆಗಳಿಗೆ ಹಣ ಸಿಕ್ಕಿರುವುದು ಗೊತ್ತು.

ಕರಾವಳಿಯಲ್ಲಿ ಇನ್ನೊಂದು ಚಿಪ್ಪಿದೆ, ಅದು ಗೇರುಬೀಜದ್ದು. ಪೋರ್ತುಗೀಸರು ಬ್ರೆಜಿಲಿನಿಂದ ತಂದ ಈ ಮರದ ಬೀಜದ ಚಿಪ್ಪಿನೊಳಗೆ ಚರ್ಮವನ್ನು ಸುಡುವ ಎಣ್ಣೆಯಿದೆ. ಬೀಜ ಒಡೆಯುವ ಹೆಂಗಸರ ಬೆರಳುಗಳು ಕಪ್ಪಾಗಿ ಸಿಪ್ಪೆಯೇಳುವುದು ಅದರಿಂದಲೇ. ಬಹುಕಾಲ ಅದನ್ನು ದೋಣಿಯ ಹಲಗೆಗೂ ಬಲೆಗೂ ಬಳಿಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಎಣ್ಣೆ ಮೋಟಾರಿನ ಬ್ರೇಕಿಗೂ ಬಣ್ಣ ವಾರ್ನಿಷುಗಳಿಗೂ ಬೇಕಾದ ಸರಕಾಯಿತು. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯೂ ಒಳ್ಳೆಯ ಸೌದೆ. ಮುಂಬಯಿಯ ಐ.ಐ.ಟಿ.ಯ ವಿಜ್ಞಾನಿಗಳು ಗೇರುಚಿಪ್ಪನ್ನು ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಕಾಯಿಸಿ, ಡೀಸಲಿನ ಗುಣಕ್ಕೆ ಹತ್ತಿರವಾದ ಎಣ್ಣೆಯನ್ನು ಪಡೆದುದನ್ನು 2003ರಲ್ಲಿ ಪ್ರಕಟಿಸಿದರು. ಇದರ ಚರಿತ್ರೆ ಇನ್ನೂ ಮೊದಲ ಅಧ್ಯಾಯದಲ್ಲಿದೆ. ಮಂಗಳೂರು, ಕಾರ್ಕಳ, ಕುಮಟೆಗಳ ಕಡೆಯ ನಮ್ಮ ಸದಸ್ಯರಲ್ಲಿ ಗೇರುಬೀಜದ ಕಾರ್ಖಾನೆ ಬಲ್ಲವರು ಯಾರಾದರೂ ಮುಂದಿನ ವರ್ಷದ ಸಂಚಿಕೆಗೆ ಅದನ್ನು ಬರೆಯಬಹುದು.